ಮಾವನ ಕುರ್ಚಿ ಮತ್ತು ಏಳನೇ ನಂಬರಿನವನು

ನಮ್ಮ ಮಾವ ಆಂಬ್ರೋಸ್ ಗೊರೆಸ್ಕಿಯವರಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು ಮತ್ತು ಒಂದು ಕುರ್ಚಿ. ಕುರ್ಚಿ ಅವರ ಮನೆಯಲ್ಲಿಲ್ಲ. ನಮ್ಮೂರು ಪೋರ್ಟ್ ಲೂಮಿಸ್‌ನ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದ ಹದಿನಾಲ್ಕನೇ ವಿಭಾಗದಲ್ಲಿ, ಮೂವತ್ತೊಂದನೇ ಸಾಲಿನಲ್ಲಿ, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದೆ. ಐವತ್ತೊಂದು ವರ್ಷಗಳಿಂದ ಅದರ ಮೇಲೆ ಮಾವನ ಹೊರತು ಇನ್ನೊಬ್ಬ ಮನುಷ್ಯ ಕುಳಿತಿಲ್ಲ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವರು ಟಿಕೆಟ್ಟನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರೇ ಹೊರತು ಯಾರ ಕೈಗೂ ಕೊಡಲಿಲ್ಲ.

ನಮ್ಮೂರಿನಲ್ಲಿ ಮಗು ಹುಟ್ಟಿದರೆ ಮೊದಲು ವರ್ಷವಿಡೀ ಒಂದೇ ಕುರ್ಚಿ ಕೊಡುವ ಸೀಸನ್ ಟಿಕೆಟ್ಟಿನ ಸರದಿ ಪಟ್ಟಿಗೆ ಸೇರಿಸುತ್ತಾರೆ; ಮಗುವಿಗೆ ಏನು ಹೆಸರಿಡುವುದೆಂದು ಆಮೇಲೆ ನಿಧಾನವಾಗಿ ಯೋಚಿಸುತ್ತಾರೆ. ನನ್ನ ಸರದಿ ಮೂವತ್ತೆಂಟು ಸಾವಿರದ ನಾನೂರ ಹನ್ನೆರಡು. ನನಗೀಗ ನಲವತ್ತೇಳು ವರ್ಷ. ಪಟ್ಟಿ ಸರಿಯುವ ವೇಗ ನೋಡಿದರೆ ನನ್ನ ಸರದಿ ಬರುವಾಗ ನನಗೆ ಇನ್ನೂರ ಆರು ತುಂಬಿರುತ್ತದೆ. ಆದ್ದರಿಂದ ಕುರ್ಚಿ ಸಿಗುವ ದಾರಿ ಒಂದೇ: ಯಾರಾದರೂ ಹಿರಿಯರು ಪ್ರೀತಿಯಿಂದ ಬಿಟ್ಟುಕೊಡಬೇಕು.

ಜುಲೈ ಕೊನೆಯ ಶುಕ್ರವಾರ ಬರ್ನೀಸಳ ಹೋಟೆಲಿನಲ್ಲಿ ಎಂದಿನಂತೆ ಇಡೀ ಕುಟುಂಬ ಕರಿದ ಮೀನು ತಿನ್ನುತ್ತಿದ್ದಾಗ ಮಾವ ಮುಳ್ಳುಚಮಚ ಕೆಳಗಿಟ್ಟರು.

"ಎಪ್ಪತ್ನಾಲ್ಕು ಮೆಟ್ಟಲು ಇದೆ ಅಲ್ಲಿ. ನನ್ನ ಮಂಡಿ ಅರುವತ್ತಕ್ಕೇ ನಿಂತುಬಿಡತ್ತೆ. ಕುರ್ಚಿ ಈ ವರ್ಷ ಕೊಟ್ಟುಬಿಡ್ತೀನಿ," ಎಂದರು.

ಹೋಟೆಲಿನಲ್ಲಿ ಮೀನು ಅಗಿಯುವ ಸದ್ದು ನಿಂತಿತು.

"ನನಗೆ ಬೇಡಪ್ಪಾ," ಎಂದಳು ನನ್ನ ಹೆಂಡತಿ ಡೋರೀನ್. "ಹಿಮದಲ್ಲಿ ಮೂರು ಗಂಟೆ ಕೂತು ಗಂಡಸರು ಬೀಳೋದು ನೋಡೋಕೆ ನನಗೇನು ಹುಚ್ಚಾ? ಮನೇಲೇ ಒಬ್ಬ ಬೀಳ್ತಾ ಇರ್ತಾನೆ." ಅವಳ ತಂಗಿಯೂ ಹಾಗೇ ತಲೆಯಾಡಿಸಿದಳು. ಉಳಿದವರು ನಾನು ಮತ್ತು ನನ್ನ ಷಡ್ಡಕ ಡ್ವೇನ್.

ಡ್ವೇನ್ ದೋಣಿ ಮಾರುತ್ತಾನೆ. ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕೆಂದು ನಿರ್ಧರಿಸುವ ಯಜಮಾನ. ಬದಲಿ ಕ್ವಾರ್ಟರ್‌ಬ್ಯಾಕ್ ಎಂದರೆ, ಯಜಮಾನನ ಕಾಲು ಮುರಿಯಲಿ ಎಂದು ಬಾಯಿಬಿಟ್ಟು ಹೇಳಲಾಗದೆ ಕಾಯುವವನು.

"ಈ ಸಲ ಹೊಸ ಬದಲಿ ಬಂದಿದ್ದಾನಲ್ಲ, ಹ್ಯಾವರ್ಲಿ, ಏಳನೇ ನಂಬರು," ಎಂದರು ಮಾವ. "ಅವನಲ್ಲಿ ಹುರುಳಿದೆಯೋ ಜೊಳ್ಳೋ, ಇಬ್ಬರೂ ನೋಡಿ ಹೇಳಿ. ಕಣ್ಣಿರೋನಿಗೆ ಕುರ್ಚಿ."

"ನೋಡೋದೇನು ಮಾವ?" ಎಂದ ಡ್ವೇನ್. "ಪೇಪರಲ್ಲಿ ಫೋಟೋ ನೋಡಿದೀನಿ. ದವಡೆ ನೋಡಿ, ಕಲ್ಲು ಕಡೆದ ಹಾಗಿದೆ! ಅಂಗೈ ನೋಡಿ, ರೊಟ್ಟಿ ತಟ್ಟೋ ಹಂಚು! ಹತ್ತು ವರ್ಷ ಆಳ್ತಾನೆ. ನನ್ನ ತೀರ್ಪು ಮುಗೀತು. ಆ ಟಾರ್ಟರ್ ಸಾಸ್ ಈ ಕಡೆ ತಳ್ಳಿ."

ನನ್ನ ಸ್ವಭಾವ ಹಾಗಲ್ಲ. ನಾನು ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುವವನು. ಒಂದು ಮೀಟರನ್ನು ಎರಡು ಸಲ ಓದದೆ ನನಗೆ ನಿದ್ದೆ ಬರುವುದಿಲ್ಲ. ಸಂಜೆ ಕಾಲೇಜಿನಲ್ಲಿ 'ವೀಕ್ಷಣೆ ಮತ್ತು ವರದಿ' ಎಂಬ ಹನ್ನೆರಡು ವಾರದ ಪಾಠವನ್ನೂ ಕಲಿತಿದ್ದೇನೆ. ಕಂಡದ್ದನ್ನು ಮೊದಲು ಬರೆ, ಅನ್ನಿಸಿದ್ದನ್ನು ಆಮೇಲೆ ಬರೆ ಎಂದು ಮೇಷ್ಟ್ರು ಹೇಳಿದ್ದರು. ಕಾಣುತ್ತಿರುವುದು ಯಾರು ಎಂದು ಎಲ್ಲಕ್ಕೂ ಮೊದಲು ವಿಚಾರಿಸು ಎಂದು ಅವರು ಹೇಳಿರಲಿಲ್ಲ. ಅಥವಾ ಆ ವಾರ ನನಗೆ ಜ್ವರ ಬಂದಿತ್ತು.

ಆಗಸ್ಟಿನ ತಾಲೀಮನ್ನು ಊರವರು ನೋಡಬಹುದು. ಒಂಬತ್ತಕ್ಕೆ ಗೇಟು ತೆರೆಯುತ್ತಾರೆ. ನಾನು ಒಂಬತ್ತು ದಿನ ರಜೆ ಹಾಕಿದೆ.

"ಗ್ಯಾರೇಜಿಗೆ ಬಣ್ಣ ಹೊಡೆಯೋಕೆ ಅಂತ ಇಟ್ಟಿದ್ದ ರಜೆ ಅದು, ಮರ್ವಿನ್," ಎಂದಳು ಡೋರೀನ್.

"ಗ್ಯಾರೇಜು ಎಲ್ಲಿಗೂ ಹೋಗಲ್ಲ. ಕುರ್ಚಿ ಹೋಗತ್ತೆ," ಎಂದೆ.

"ಹೋಗು ಹಾಗಾದ್ರೆ. ನನ್ನ ಹಕ್ಕಿ ನೋಡೋ ದುರ್ಬೀನು ಮುರಿದು ತಂದರೆ ಮಾತ್ರ ನೀನೂ ಗ್ಯಾರೇಜಲ್ಲೇ ಮಲಕ್ಕೋ."

ಜನವೆಲ್ಲ ಮೈದಾನದ ಉತ್ತರಕ್ಕೆ ಮುಗಿಬಿದ್ದಿದ್ದರು. ನಾನು ದಕ್ಷಿಣದ ತುದಿಗೆ ಹೋದೆ. ಅಲ್ಲಿ ನಮ್ಮ ಇಲಾಖೆಯ ನೀರಿನ ಟ್ಯಾಂಕಿನ ನೆರಳು ಬೀಳುತ್ತದೆ, ಗದ್ದಲವಿರುವುದಿಲ್ಲ. ಉತ್ತರದಲ್ಲಿ ಎಂಬತ್ತು ಆಟಗಾರರು ಇರುವೆಗಳ ಹಾಗೆ ಗಿಜಿಗುಡುತ್ತಿದ್ದರು. ದಕ್ಷಿಣದಲ್ಲಿ, ನನ್ನ ಮುಂದೆಯೇ, ಕೆಂಪು ಅಂಗಿ ತೊಟ್ಟ ಒಬ್ಬ ತರುಣ ಒಂಟಿಯಾಗಿ ನಿಂತಿದ್ದ. ತಾಲೀಮಿನಲ್ಲಿ ಕೆಂಪು ಅಂಗಿ ಎಂದರೆ 'ಇವನನ್ನು ಯಾರೂ ಕೆಡವಬೇಡಿ' ಎಂದರ್ಥ. ಕ್ವಾರ್ಟರ್‌ಬ್ಯಾಕುಗಳಿಗೆ ಅದನ್ನು ತೊಡಿಸುತ್ತಾರೆ. ಬೆನ್ನ ಮೇಲೆ ದೊಡ್ಡದಾಗಿ ಏಳು. ಸರಿ, ಇವನೇ! ನಾನು ನೋಟ್‌ಬುಕ್ ತೆರೆದೆ.

ಮೊದಲ ದಿನದ ಬರಹ ಹೀಗಿದೆ: '9.10: ನಿಂತಿದ್ದಾನೆ. 9.40: ನಿಂತಿದ್ದಾನೆ. 9.55: ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ಬಿಟ್ಟ, ಹುಲ್ಲು ಪೂರ್ವಕ್ಕೆ ಹೋಯಿತು. 10.20: ನಿಂತಿದ್ದಾನೆ. ಅನ್ನಿಸಿದ್ದು: ಗಾಳಿಯನ್ನು ಅರಿಯದೆ ಚೆಂಡು ಎಸೆಯುವವನಲ್ಲ. ಇಂದು ಎಸೆಯಲೇ ಇಲ್ಲ. ಅದ್ಭುತ ಸಂಯಮ.'

ನಾಲ್ಕನೇ ದಿನ ಯಾರೋ ಅವನ ಕೈಗೆ ಚೆಂಡು ಕೊಟ್ಟರು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟ. 'ಚೆಂಡಿನ ಬಗ್ಗೆ ಗೌರವವಿದೆ' ಎಂದು ಬರೆದೆ. ಐದನೇ ದಿನ ಬಲಗಾಲಿನ ಶೂ ಮೂರು ಸಲ ಬಿಚ್ಚಿ ಕಟ್ಟಿದ. 'ಎಸೆತದ ಮೂಲ ಪಾದದಲ್ಲಿದೆ ಎಂಬ ಸತ್ಯ ಇಷ್ಟು ಚಿಕ್ಕ ವಯಸ್ಸಿಗೇ ಗೊತ್ತು.' ಏಳನೇ ದಿನ ಇದ್ದಕ್ಕಿದ್ದಂತೆ ಚೆಂಡನ್ನು ಆಕಾಶಕ್ಕೆ ಒದ್ದುಬಿಟ್ಟ! ಅದು ನೀರಿನ ಟ್ಯಾಂಕಿನ ಎತ್ತರಕ್ಕೆ ಹೋಗಿ, ನಾನು ಐದು ಎಣಿಸಿದ ಮೇಲೆ ಕೆಳಗೆ ಬಂತು. 'ವಿನೋದ ಸ್ವಭಾವ. ಒತ್ತಡವಿಲ್ಲ' ಎಂದು ಬರೆದು, ಎರಡು ಗೆರೆ ಎಳೆದೆ.

ಒಂಬತ್ತು ದಿನಕ್ಕೆ ನಲವತ್ತೊಂದು ಪುಟವಾಯಿತು. ಕೊನೆಯ ಸಾಲು: 'ಏಳನೇ ನಂಬರಿನವನು ಈ ತಂಡದಲ್ಲಿ ಉಳಿಯುತ್ತಾನೆ.'

ಶುಕ್ರವಾರ ಬರ್ನೀಸಳ ಹೋಟೆಲಿನಲ್ಲಿ ಎದ್ದು ನಿಂತು ಓದಿದೆ. ಮೀನು ತಣ್ಣಗಾಯಿತು. ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಒಂದು ನಿಮಿಷ," ಎಂದ ಡ್ವೇನ್. "ಒಂಬತ್ತು ದಿನದಲ್ಲಿ ಒಂದು ಸಲಾನೂ ಎಸೀಲಿಲ್ವಾ?"

"ಎಸೆಯೋ ಆತುರ ಅವನಿಗಿಲ್ಲ."

"ಎಸೆಯೋದೇ ಕೆಲಸ ಕಣೋ ಅವನದು! ಅಡುಗೆಯೋನು ಒಂಬತ್ತು ದಿನ ಒಲೆ ಹಚ್ಚದೆ ಇದ್ರೆ ಸಂಯಮ ಅಂತೀಯಾ?"

ಮಾವ ಕಣ್ಣು ತೆರೆದರು. "ನೀರು ಯಾವ ಕೈಯಲ್ಲಿ ಕುಡೀತಾನೆ?"

ವಿಚಿತ್ರವಾದ ಪ್ರಶ್ನೆ. ಆದರೆ ಮಾವ ಹಾಗೇ. ನಮ್ಮ ತಂಡ ಕೊನೆಯ ಕ್ಷಣದಲ್ಲಿ ಚಾಂಪಿಯನ್ ಆದ ಪಂದ್ಯವನ್ನು ಕಣ್ಣಾರೆ ನೋಡಿ ಬಂದವರು, ಊರೆಲ್ಲ ಬೀದಿಯಲ್ಲಿ ಕುಣಿಯುತ್ತಿದ್ದಾಗ, ಹೇಗಿತ್ತು ಎಂದು ಕೇಳಿದರೆ, "ಮೂರನೇ ಬದಲಿ ಆಟಗಾರ ಆರು ಸಲ ಸೀನಿದ, ಪಾಪ, ಶೀತ ಆಗಿತ್ತು," ಎಂದಿದ್ದರು. ಪ್ರತಿ ಪಂದ್ಯದ ಕಥೆಯೂ ಅಷ್ಟೇ: ಯಾರು ಟವೆಲ್ ಎಳೆದುಕೊಂಡರು, ಯಾರು ಬೆಂಚಿನಲ್ಲಿ ತೂಕಡಿಸಿದರು. ಬಲ್ಲವರ ನೋಟವೇ ಬೇರೆ ಎಂದು ನಾವು ಭಕ್ತಿಯಿಂದ ತಲೆಯಾಡಿಸುತ್ತಿದ್ದೆವು.

"ಎಡಗೈಯಲ್ಲಿ," ಎಂದೆ. ಇಪ್ಪತ್ತೆರಡನೇ ಪುಟದಲ್ಲಿತ್ತು.

"ಹೂಂ," ಎಂದರು ಮಾವ. ಅವರು 'ಹೂಂ' ಎಂದದ್ದನ್ನು ಇಡೀ ಹೋಟೆಲು ಕೇಳಿತು.

ಮರುದಿನದಿಂದ ನಾನು ಊರಿನ ದೊಡ್ಡ ಮನುಷ್ಯನಾದೆ. ಕ್ಷೌರದಂಗಡಿಯವನು ನನ್ನ ಕೂದಲು ಅರ್ಧ ಕತ್ತರಿಸಿ, "ಹಾಗಾದ್ರೆ ಹುಲ್ಲು ಪೂರ್ವಕ್ಕೇ ಹೋಯ್ತಾ?" ಎಂದು ಹತ್ತು ನಿಮಿಷ ಯೋಚಿಸುತ್ತಾ ನಿಂತ. ಇಲಾಖೆಯ ಮೇಲಧಿಕಾರಿ ವರದಿಯ ಪ್ರತಿಯನ್ನು ಸೂಚನಾ ಫಲಕಕ್ಕೆ ಪಿನ್ನು ಚುಚ್ಚಿ ತೂಗಿಸಿ, ಅದರ ಕೆಳಗೆ 'ಮೀಟರನ್ನೂ ಹೀಗೇ ಓದಿ' ಎಂದು ಬರೆದರು. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ತಾಳ್ಮೆಯ ಬಗ್ಗೆ ಮಾತಾಡುತ್ತಾ, "ನಮ್ಮೂರಿಗೇ ಒಬ್ಬ ಯುವಕ ಬಂದಿದ್ದಾನೆ, ಚೆಂಡು ಕೈಗೆ ಬಂದರೂ ವಾಪಸು ಕೊಟ್ಟ!" ಎಂದರು. ಹಿಂದಿನ ಸಾಲಿನಲ್ಲಿ ಒಬ್ಬಳು ಅಜ್ಜಿ ಕಣ್ಣೊರೆಸಿಕೊಂಡಳು.

ಆ ಮುಂದಿನ ಶನಿವಾರ ಮಧ್ಯಾಹ್ನ ಮೊದಲ ಅಭ್ಯಾಸ ಪಂದ್ಯ. ಬರ್ನೀಸ್ ದೊಡ್ಡ ಟಿವಿ ತರಿಸಿದ್ದಳು. ನನಗೆ ಮುಂದಿನ ಸ್ಟೂಲು. ಮೂರನೇ ಭಾಗದಲ್ಲಿ ಹ್ಯಾವರ್ಲಿ ಇಳಿದ. ಜನ ಚಪ್ಪಾಳೆ ತಟ್ಟಿ ನನ್ನ ಬೆನ್ನು ಗುದ್ದಿದರು.

ಚೆಂಡು ಕೈಗೆ ಬಂದದ್ದೇ ತಡ, ಹ್ಯಾವರ್ಲಿ ಕುಕ್ಕೆಯಿಂದ ತಪ್ಪಿಸಿಕೊಂಡ ಕೋಳಿಯ ಹಾಗೆ ಓಡಿದ. ಒಂದು ಎಸೆತ ಎದುರಾಳಿಗೆ ಹೋಯಿತು. ಇನ್ನೊಂದು ಅಂಪೈರನ ಬೆನ್ನಿಗೆ ಬಡಿಯಿತು. ಮತ್ತೊಂದು ಬ್ಯಾಂಡಿನವರ ಡೋಲಿನ ಮೇಲೆ ಬಿದ್ದು ಢಂ ಎಂದಿತು. ಆಟದಲ್ಲಿ ತಾಳಕ್ಕೆ ಸರಿಯಾಗಿ ಆದದ್ದು ಅದೊಂದೇ.

"ಎಲ್ಲಪ್ಪಾ ಸಂಯಮ?" ಎಂದು ಯಾರೋ ಕೇಳಿದರು.

"ಮರ್ವಿನ್, ಇವನು ಹುಲ್ಲು ಕೀಳೋದು ಮರೆತುಬಿಟ್ನಾ?" ಎಂದಳು ಬರ್ನೀಸ್.

ಅಷ್ಟರಲ್ಲಿ ಅವನು ನೀರು ಕುಡಿಯುವುದನ್ನು ಟಿವಿಯಲ್ಲಿ ತೋರಿಸಿದರು. ಬಲಗೈ! ನನ್ನ ಇಪ್ಪತ್ತೆರಡನೇ ಪುಟದಲ್ಲಿ ಎಡಗೈ ಎಂದಿತ್ತು.

ಮೂರು ಪ್ರಯತ್ನ ಸೋತರೆ ನಾಲ್ಕನೆಯದರಲ್ಲಿ ಚೆಂಡನ್ನು ಎದುರಾಳಿಯ ಕಡೆಗೆ ಆದಷ್ಟು ದೂರ ಒದ್ದು ಕೊಡುವುದು ಆಟದ ರೀತಿ. ಅದಕ್ಕೆಂದೇ ಒಬ್ಬ ಒದೆಯುವವನಿರುತ್ತಾನೆ. ಮೂರು ಪ್ರಯತ್ನ ಮುಗಿದವು. ಏಳನೇ ನಂಬರಿನವನು ತಲೆ ತಗ್ಗಿಸಿ ಹೊರಗೆ ಬಂದ. ಏಳನೇ ನಂಬರಿನವನು ತಲೆಯೆತ್ತಿ ಒಳಗೆ ಹೋದ. ಹೋಗಿ, ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ಬಿಟ್ಟ.

ಆಗಸ್ಟಿನಲ್ಲಿ ತಂಡದಲ್ಲಿ ತೊಂಬತ್ತು ಜನ. ಅಷ್ಟು ಜನಕ್ಕೆ ಒಳ್ಳೆಯ ನಂಬರುಗಳು ಸಾಲವು. ಹೆಚ್ಚುವರಿ ಜನ ಮನೆಗೆ ಹೋಗುವ ತನಕ ಇಬ್ಬಿಬ್ಬರು ಒಂದೇ ನಂಬರು ತೊಡುತ್ತಾರೆ. ಕೆಂಪು ಅಂಗಿಯನ್ನು ಒದೆಯುವವರಿಗೂ ಕೊಡುತ್ತಾರೆ. ಇವೆರಡೂ ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ನಾನು ಒಂಬತ್ತು ದಿನ, ನಲವತ್ತೊಂದು ಪುಟ, ಆಸ್ಟ್ರೇಲಿಯಾದಿಂದ ಬಂದ ಟಕ್‌ವೆಲ್ ಎಂಬ ಒದೆಯುವವನನ್ನು ನೋಡಿದ್ದೆ. ಒದೆಯುವವರ ಅಭ್ಯಾಸ ಎಂಟೂವರೆಗೇ ಮುಗಿದಿರುತ್ತದೆ. ಆಮೇಲೆ ಅವರಿಗೆ ನಿಲ್ಲುವುದೊಂದೇ ಕೆಲಸ.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಡ್ವೇನ್ ನನ್ನ ಬಾಯನ್ನೇ ನೋಡುತ್ತಿದ್ದ. "ಕುರ್ಚಿಗೆ ಒಂದು ದಿಂಬು ಹೊಲಿಸಬೇಕು," ಎಂದು ಹೆಂಡತಿಗೆ ಹೇಳಿದ, ಎಲ್ಲರಿಗೂ ಕೇಳುವ ಹಾಗೆ. "ಮೊದಲ ಪಂದ್ಯ ಎಲ್ರಿಗೂ ಕಷ್ಟ. ಆ ದವಡೆ ಇರೋನು ಎದ್ದೇಳ್ತಾನೆ ನೋಡ್ತಿರು."

ನಾನು ಬಾಯಿ ಮುಚ್ಚಿದೆ. ನನ್ನ ಜೀವನದಲ್ಲಿ ನಾನು ತಪ್ಪು ಓದಿದ ಮೊದಲ ಮೀಟರು ಅದು.

ಸೋಮವಾರ ಕಚೇರಿಗೆ ಒಬ್ಬ ಹೆಂಗಸು ಬಂದಳು. ಕಪ್ಪು ಕೋಟು, ಕೈಯಲ್ಲಿ ಫೈಲು. ತಂಡದ ಆಟಗಾರರ ಆಯ್ಕೆ ವಿಭಾಗದ ಮಿಸ್ ಕ್ವಿಗ್ಲಿ. ನನ್ನ ಎದುರಿನ ಕುರ್ಚಿ ಎಳೆದುಕೊಂಡು ಕುಳಿತು, ದನಿ ತಗ್ಗಿಸಿ ಕೇಳಿದಳು: "ಯಾವ ತಂಡದೋರು ನೀವು?"

"ನೀರು ಸರಬರಾಜು," ಎಂದೆ.

"ಎಲ್ರೂ ಹೀಗೇ ಏನೋ ಒಂದು ಹೇಳ್ತಾರೆ. ಹೋದ ವರ್ಷ ಬೇರೆ ತಂಡದ ಗೂಢಚಾರ ಒಬ್ಬ ಐಸ್‌ಕ್ರೀಂ ಗಾಡಿ ತಂದಿದ್ದ."

"ಅಮ್ಮಾ, ನಾನು ನಿಜವಾಗ್ಲೂ ಮೀಟರ್ ಓದೋನು."

"ಒಂಬತ್ತು ದಿನ, ದುರ್ಬೀನು ಹಿಡಿದು, ನಮ್ಮ ಟಕ್‌ವೆಲ್‌ನ ಒಬ್ಬನನ್ನೇ ನೋಡಿ ಬರಕೊಂಡಿದ್ದೀರಿ. ಅವನೇ ಎಣಿಸಿದ್ದಾನೆ. 'ನನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ' ಅಂತ ಈಗ ನೆಟ್ಟಗೆ ನಡೆಯೋದೇ ಇಲ್ಲ, ಎದೆ ಉಬ್ಬಿಸಿಕೊಂಡು ಓಡಾಡ್ತಾನೆ. ನಮ್ಮಲ್ಲಿ ಹಳೇ ಒದೆಯೋನು ಇದಾನೆ, ಇವನನ್ನ ಮನೆಗೆ ಕಳಿಸೋಣ ಅಂತಿದ್ವಿ. ಈಗ ಹನ್ನೊಂದು ಜನ ಎರಡು ದಿನ ಬಾಗಿಲು ಹಾಕ್ಕೊಂಡು ಸಭೆ ಮಾಡಿದೀವಿ: ಅವನಲ್ಲಿ ನಾವು ಕಾಣದ್ದು ನೀವೇನು ಕಂಡಿರಿ?"

"ಅದು ತಪ್ಪಾಗಿ..."

"ತೋರಿಸಿ."

ಸೂಚನಾ ಫಲಕದ ಕಡೆ ಬೆರಳು ಮಾಡಿದೆ. ಅವಳು ಎದ್ದು ಹೋಗಿ ನಿಂತು ನಲವತ್ತೊಂದು ಪುಟ ಓದಿದಳು. ನಡುವೆ ಒಂದು ಕಡೆ ಬೆರಳಿಟ್ಟಳು. "ಚೆಂಡು ಐದು ಎಣಿಸೋವರೆಗೂ ಮೇಲಿತ್ತಾ? ಹೇಗೆ ಎಣಿಸಿದ್ರಿ?"

"ನಲ್ಲಿ ಸೋರೋದನ್ನ ಎಣಿಸೋ ಎಣಿಕೆ. ಇಪ್ಪತ್ತೆರಡು ವರ್ಷದಿಂದ ಎಣಿಸ್ತಿದೀನಿ. ಒಂದಕ್ಕೆ ಒಂದು ಸೆಕೆಂಡು, ಕೂದಲೆಳೆ ಆಚೀಚೆ ಆಗಲ್ಲ."

"ಐದು ಸೆಕೆಂಡು! ಟ್ಯಾಂಕಿನ ಎತ್ತರ! ನಮ್ಮ ಕೋಚುಗಳು ಆಗ ಎಲ್ಲಿದ್ರು?"

"ಉತ್ತರದ ಕಡೆ," ಎಂದೆ. "ಜನ ಇದ್ದ ಕಡೆ."

ಅವಳು ನನ್ನ ಕೈ ಕುಲುಕಿ, ವರದಿಯನ್ನು ಪಿನ್ನು ಸಮೇತ ಕಿತ್ತುಕೊಂಡು ಹೋದಳು. ಬಾಗಿಲಲ್ಲಿ ತಿರುಗಿ, "ಯಾವ ತಂಡ ಅಂತ ನಾನು ಯಾರಿಗೂ ಹೇಳಲ್ಲ ಬಿಡಿ," ಎಂದು ಕಣ್ಣು ಮಿಟುಕಿಸಿದಳು.

ಹ್ಯಾವರ್ಲಿಯ ದವಡೆ ಉಳಿದ ಪಂದ್ಯಗಳಲ್ಲೂ ಎದ್ದೇಳಲಿಲ್ಲ. ಆಗಸ್ಟಿನ ಕೊನೆಯ ಮಂಗಳವಾರ ತಂಡದ ಅಂತಿಮ ಪಟ್ಟಿ ಬಂತು. ರೇಡಿಯೋದವನು ಒಂದೇ ಉಸಿರಿನಲ್ಲಿ ಓದಿದ: ಹ್ಯಾವರ್ಲಿ ಹೊರಗೆ, ಟಕ್‌ವೆಲ್ ಒಳಗೆ. ಇನ್ನು ಮುಂದೆ ಪೋರ್ಟ್ ಲೂಮಿಸ್‌ನಲ್ಲಿ ಏಳನೇ ನಂಬರಿನವನು ಒಬ್ಬನೇ.

ಊರು ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಂಡಿತು. "ಏಳು ಉಳೀತಾನೆ ಅಂದಿದ್ದ, ಉಳಿದ!" ಎಂದು ಕ್ಷೌರದಂಗಡಿಯವನು ನನ್ನನ್ನು ಬೀದಿಯಲ್ಲೇ ತಬ್ಬಿಕೊಂಡ. ಮೇಲಧಿಕಾರಿ ಖಾಲಿ ಫಲಕದ ಮೇಲೆ 'ಇಲ್ಲಿ ಇತ್ತು' ಎಂದು ಬರೆಸಿದರು. ಪಾದ್ರಿಗಳು ಮಾತ್ರ, "ಮರ್ವಿನ್, ಅವನು ಚೆಂಡು ವಾಪಸು ಕೊಟ್ಟದ್ದು ತಾಳ್ಮೆಗಲ್ಲ ಅಂತ ಯಾರೋ ಹೇಳಿದ್ರಪ್ಪಾ," ಎಂದು ಅನುಮಾನದಿಂದ ನೋಡಿದರು. ನನಗೆ ಮೂರು ದಿನ ಊಟ ಸೇರಲಿಲ್ಲ. ಸುಮ್ಮನಿದ್ದರೆ ಕುರ್ಚಿ ನನ್ನದು. ಬಾಯಿಬಿಟ್ಟರೆ ಇನ್ನೂರ ಆರನೇ ವಯಸ್ಸಿನವರೆಗೆ ಕಾಯಬೇಕು.

"ಹೇಳದೆ ಇದ್ರೆ ಏನಾಗತ್ತೆ?" ಎಂದಳು ಡೋರೀನ್.

"ಕುರ್ಚಿ ಸಿಗತ್ತೆ."

"ಕೂರೋಕಾಗತ್ತಾ ನಿನ್ನ ಕೈಲಿ? ಒಂದು ಮೀಟರ್ ತಪ್ಪು ಓದಿದೀನೇನೋ ಅಂತ ಕ್ರಿಸ್‌ಮಸ್ ಊಟದ ಮಧ್ಯೆ ಎದ್ದು ಹೋದ ಗಂಡಸು ನೀನು. ಹೋಗಿ ಹೇಳು. ಮೀನಾದ್ರೂ ನೆಮ್ಮದಿಯಾಗಿ ತಿನ್ನು."

ಶುಕ್ರವಾರ ಎದ್ದು ನಿಂತೆ.

"ಮಾವ, ನಾನು ನೋಡಿದ್ದು ಹ್ಯಾವರ್ಲಿನ ಅಲ್ಲ. ಒದೆಯೋನನ್ನ. ಒಂಬತ್ತು ದಿನಾನೂ. ಇಬ್ಬರಿಗೂ ಒಂದೇ ನಂಬರು ಇದ್ದದ್ದು ನನಗೆ ಹೊಳೀಲಿಲ್ಲ."

ಬರ್ನೀಸಳ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಎರಡು ಮೀನು ನೆಲಕ್ಕೆ ಬಿದ್ದವು. ಡ್ವೇನ್ ಮೇಜು ಕುಟ್ಟಿ ಎದ್ದ. "ಕೇಳಿದ್ರಾ! ಕೇಳಿದ್ರಾ ಮಾವ! ನೋಡಬೇಕಾದ ಮನುಷ್ಯನ್ನೇ ನೋಡಿಲ್ಲ ಇವನು! ಕುರುಡ! ಕುರುಡನಿಗೆ ಕುರ್ಚಿನಾ?"

ಮಾವ ಬಾಯಿ ಒರೆಸಿಕೊಂಡರು.

"ಕೂತ್ಕೊಳೋ ಡ್ವೇನ್. ನನಗೆ ಮೊದಲನೇ ಪುಟದಲ್ಲೇ ಗೊತ್ತಾಯ್ತು. ಹುಲ್ಲು ಕಿತ್ತು ಗಾಳಿಗೆ ಬಿಡೋನು ಒದೆಯೋನು. ಇನ್ಯಾವನು ಬಿಡ್ತಾನೆ?"

"ಗೊತ್ತಿದ್ದೂ ಸುಮ್ನೆ ಕೇಳ್ತಾ ಕೂತಿದ್ರಾ? ನಲವತ್ತೊಂದು ಪುಟಾನ?"

"ಚೆನ್ನಾಗಿತ್ತು," ಎಂದರು ಮಾವ. "ನೀನು ಸರಿಯಾದೋನನ್ನ ನೋಡಿದೆ, ತಪ್ಪು ಹೇಳಿದೆ. ಇವನು ತಪ್ಪಾದೋನನ್ನ ನೋಡಿದ, ಸರಿಯಾಗಿ ಹೇಳಿದ. ಏನೂ ಮಾಡದೆ ನಿಂತಿರೋ ಒಬ್ಬ ಮನುಷ್ಯನ್ನ ಒಂಬತ್ತು ದಿನ ಬೇಜಾರಿಲ್ದೆ ನೋಡಿದಾನಲ್ಲ, ನನ್ನ ಕುರ್ಚಿಗೆ ಬೇಕಾದ್ದು ಅಂಥ ಕಣ್ಣೇ. ನೀನು ಆ ಕುರ್ಚೀಲಿ ಹತ್ತು ನಿಮಿಷ ಕೂರಲ್ಲ ಕಣಯ್ಯಾ."

"ನಾನ್ಯಾಕೆ ಕೂರಲ್ಲ?"

ಮಾವ ಜೇಬಿನಿಂದ ಟಿಕೆಟ್ಟು ತೆಗೆದು, ಟಾರ್ಟರ್ ಸಾಸಿನ ಬಟ್ಟಲಿಗೆ ತಾಗದಂತೆ ಬಳಸಿ ತಂದು, ನನ್ನ ಮುಂದೆ ಇಟ್ಟರು. ಡ್ವೇನ್ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಹೊಲಿಸಿದ್ದ ದಿಂಬನ್ನು ಮಾತ್ರ ಹೆಂಡತಿಯ ಕೈಲಿ ಕಳಿಸಿಕೊಟ್ಟ, ಸ್ವಲ್ಪ ಗಟ್ಟಿಯಾಗಿತ್ತು.

ಸೆಪ್ಟೆಂಬರಿನ ಮೊದಲ ಭಾನುವಾರದ ಪಂದ್ಯಕ್ಕೆ ನಾನು ಎಪ್ಪತ್ನಾಲ್ಕು ಮೆಟ್ಟಲು ಹತ್ತಿದೆ. ಹದಿನಾಲ್ಕನೇ ವಿಭಾಗ, ಮೂವತ್ತೊಂದನೇ ಸಾಲು. ದಿಂಬು ಹಾಕಿ, ಐವತ್ತೊಂದು ವರ್ಷದ ಆ ಕುರ್ಚಿಯ ಮೇಲೆ ಕುಳಿತು, ತಲೆಯೆತ್ತಿದೆ.

ಎದುರಿಗೆ ಕಂಬ.

ಮೇಲಿನ ಮಾಳಿಗೆಯನ್ನು ಹೊತ್ತ ಕಾಂಕ್ರೀಟು ಕಂಬ. ಮೂವರು ಕೈ ಹಿಡಿದು ತಬ್ಬಿದರೂ ಸಾಲದಷ್ಟು ದಪ್ಪ. ಬಲಕ್ಕೆ ಬಾಗಿದೆ, ಕಂಬ. ಎಡಕ್ಕೆ ಬಾಗಿದೆ, ಪಕ್ಕದವನ ಟೋಪಿ. ಎಪ್ಪತ್ತು ಸಾವಿರ ಜನ ಏಕಕಾಲಕ್ಕೆ ಎದ್ದು ಕೂಗಿದರು. ಏನಾಯಿತೋ ನನಗೆ ತಿಳಿಯಲಿಲ್ಲ. ಕಂಬದ ಎಡ ಅಂಚಿನಲ್ಲಿ ಒಂದು ಸೀಳಿನಷ್ಟು ಜಾಗ ಮಾತ್ರ ತೆರೆದಿತ್ತು. ಅದರಲ್ಲಿ ನಮ್ಮ ತಂಡದ ಬೆಂಚು ಕಾಣುತ್ತಿತ್ತು. ಆಡದವರೆಲ್ಲ ಅಲ್ಲಿದ್ದರು. ಒಬ್ಬ ಟವೆಲ್ ಎಳೆದುಕೊಂಡ. ಒಬ್ಬ ತೂಕಡಿಸಿದ.

ಮಾವ ಹೇಳಿದ್ದ, ಆರು ಸಲ ಸೀನಿದ ಮೂರನೇ ಬದಲಿ ಆಟಗಾರ ನನಗೆ ನೆನಪಾದ. ಆಮೇಲೆ ನೋಟ್‌ಬುಕ್ ತೆಗೆದೆ.

ಸಂಜೆ ಮನೆಗೆ ಬಂದಾಗ ಮಾವ ನಮ್ಮ ಅಡುಗೆಮನೆಯಲ್ಲೇ ಕಾಯುತ್ತಿದ್ದರು. ಪಂದ್ಯವನ್ನು ಟಿವಿಯಲ್ಲಿ ಆರಂಭದಿಂದ ಕೊನೆಯವರೆಗೆ ನೋಡಿದ್ದರು. ಇಡೀ ಆಟ ಕಣ್ಣಿಗೆ ಬಿದ್ದದ್ದು ಅವರ ಪಾಲಿಗೆ ಅದೇ ಮೊದಲು. ಮುಖ ಬಾಡಿತ್ತು. "ಬರೀ ಓಡೋದು, ಬೀಳೋದು. ಏನೂ ಅರ್ಥ ಆಗ್ಲಿಲ್ಲ," ಎಂದರು.

"ನೀನಾದ್ರೂ ಹೇಳು," ಎಂದಳು ಡೋರೀನ್, "ಹೇಗಿತ್ತು ಆಟ?"

ನಾನು ಮಾವನ ಕಡೆ ನೋಡಿದೆ. ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಏಳನೇ ನಂಬರಿನವನು," ಎಂದೆ, "ಈಗ ಬಲಗೈಯಲ್ಲಿ ನೀರು ಕುಡೀತಾನೆ."

"ಅಯ್ಯೋ ದೇವರೇ," ಎಂದರು ಮಾವ, "ಯಾವಾಗಿಂದ?"